ಹಳೆಯ ಸ್ಮಾರ್ಟ್‌ಫೋನ್ ಬ್ಯಾಟರಿಯ ಬಾಳಿಕೆ: ಕಾಫಿ ಮಲೆನಾಡಿನ ಅರ್ಜಿದಾರರಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ತಾಲ್ಲೂಕುಗಳ ಕಾಫಿ ಬೆಳೆಯುವ ಗ್ರಾಮಗಳ ಸಾರ್ವಜನಿಕರು ಸೇವಾಸಿಂಧು ಮೂಲಕ ಅರ್ಜಿ ಸಲ್ಲಿಸುವಾಗ, ಪಿಎಂ ಕಿಸಾನ್ ಯೋಜನೆಯ ಇ-ಕೆವೈಸಿ ಪೂರ್ಣಗೊಳಿಸುವಾಗ ಅಥವಾ ಆಧಾರ್ ದೃಢೀಕರಣ ಮಾಡುವಾಗ ಓಟಿಪಿ ಎಂಬ ಒಂದು ಬಾರಿಯ ಗುಪ್ತಸಂಖ್ಯೆಯನ್ನು ತಮ್ಮ ಮೊಬೈಲ್ ದೂರವಾಣಿಯಲ್ಲಿ ಪಡೆಯಬೇಕಾಗಿರುತ್ತದೆ. ಆಧಾರ್ ಓಟಿಪಿಯ ಅವಧಿ 10 ನಿಮಿಷ ಮಾತ್ರ. ಈ 10 ನಿಮಿಷಗಳಲ್ಲಿ ದೂರವಾಣಿಯು ಸ್ಥಗಿತಗೊಂಡಲ್ಲಿ ಅರ್ಜಿಯು ಅರ್ಧಕ್ಕೆ ನಿಲ್ಲುವುದಲ್ಲದೆ, ಬಸ್ಸು ಹಿಡಿದು ನಾಡಕಚೇರಿಗೆ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಬಂದವರ ಒಂದು ದಿನದ ಕೂಲಿಯೂ ನಷ್ಟವಾಗುತ್ತದೆ. ಮೂರು ನಾಲ್ಕು ವರ್ಷ ಬಳಸಿದ ದೂರವಾಣಿಗಳಲ್ಲಿ ಇಂತಹ ತೊಂದರೆಗೆ ಸಾಮಾನ್ಯ ಕಾರಣ ಬ್ಯಾಟರಿಯ ಮುಪ್ಪು. ಹೊಸ ದೂರವಾಣಿ ಕೊಳ್ಳದೆ, ಇರುವುದನ್ನೇ ಇನ್ನಷ್ಟು ಕಾಲ ಉಪಯೋಗಿಸಲು ಅನುಸರಿಸಬಹುದಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಬ್ಯಾಟರಿಗೆ ಮುಪ್ಪು ಬರುವ ಬಗೆ

ಸ್ಮಾರ್ಟ್‌ಫೋನುಗಳಲ್ಲಿ ಇರುವುದು ಲಿಥಿಯಂ ಅಯಾನ್ ಜಾತಿಯ ಬ್ಯಾಟರಿ. ಇದು 1991ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದಿತು. ಇದರ ಅಭಿವೃದ್ಧಿಗಾಗಿ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಹಾಗೂ ಅಕಿರಾ ಯೋಶಿನೊ ಅವರಿಗೆ 2019ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ನೀಡಲಾಯಿತು. ಚಾರ್ಜ್ ಆಗುವಾಗ ಲಿಥಿಯಂ ಕಣಗಳು ಒಂದು ವಿದ್ಯುದ್ವಾರದಿಂದ ಮತ್ತೊಂದಕ್ಕೆ ಸಾಗುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಬಾರಿಯೂ ಅಲ್ಪ ಪ್ರಮಾಣದ ಲಿಥಿಯಂ ಒಳಗಿನ ಪದರದಲ್ಲಿ ಸಿಲುಕಿ ಕೆಲಸಕ್ಕೆ ಬಾರದಂತಾಗುತ್ತದೆ. ಈ ನಷ್ಟವನ್ನು ಪೂರ್ಣ ತಡೆಯಲು ಸಾಧ್ಯವಿಲ್ಲ, ನಿಧಾನಗೊಳಿಸಲು ಮಾತ್ರ ಸಾಧ್ಯ.

ಶೇ. 100ರಷ್ಟು ವಿದ್ಯುತ್ತನ್ನು ಬಳಸಿದರೆ ಒಂದು ಆವರ್ತ ಎಂದು ಎಣಿಸಲಾಗುತ್ತದೆ. ಎರಡು ದಿನ ಅರ್ಧರ್ಧ ಬಳಸಿ ತುಂಬಿಸಿದರೂ ಅದು ಒಂದೇ ಆವರ್ತ. ಹಿಂದಿನ ಬಹುತೇಕ ದೂರವಾಣಿಗಳ ಬ್ಯಾಟರಿಗಳನ್ನು ಸುಮಾರು 500 ಆವರ್ತಗಳ ನಂತರ ಶೇ. 80ರಷ್ಟು ಸಾಮರ್ಥ್ಯ ಉಳಿಯುವಂತೆ ತಯಾರಿಸಲಾಗುತ್ತಿತ್ತು. ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ತನ್ನ ಮಾರುಕಟ್ಟೆಗೆ ಬರುವ ಹೊಸ ಮಾದರಿಗಳಿಗೆ ಇದನ್ನು 800 ಆವರ್ತಗಳಿಗೆ ಏರಿಸಿದೆ.

ಸಾಮರ್ಥ್ಯ ತಗ್ಗುವುದರ ಜೊತೆಗೆ ಬ್ಯಾಟರಿಯ ಆಂತರಿಕ ರೋಧವೂ ಹೆಚ್ಚುತ್ತದೆ. ಅರ್ಜಿದಾರರನ್ನು ಹೆಚ್ಚು ಕಾಡುವುದು ಇದೇ. ಪರದೆಯ ಮೇಲೆ ಶೇ. 20 ಎಂದು ತೋರಿಸುತ್ತಿದ್ದ ದೂರವಾಣಿಯು ಕ್ಯಾಮೆರಾ ತೆರೆದ ಕೂಡಲೇ ಆರಿಹೋಗುವುದಕ್ಕೆ ಕಾರಣವೆಂದರೆ, ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿಯುವುದು. ಚಳಿಯಲ್ಲಿ ರೋಧ ಮತ್ತಷ್ಟು ಏರುವುದರಿಂದ ಡಿಸೆಂಬರ್, ಜನವರಿ ತಿಂಗಳ ಮುಂಜಾನೆಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಜಿಪಿಎಸ್, ಕ್ಯಾಮೆರಾ ಹಾಗೂ ಪರದೆ ಮೂರೂ ಒಟ್ಟಿಗೆ ಕೆಲಸ ಮಾಡುವುದರಿಂದ, ಹಳೆಯ ದೂರವಾಣಿ ಉಳ್ಳವರು ಶೇ. 50ಕ್ಕಿಂತ ಹೆಚ್ಚು ಚಾರ್ಜ್ ಇರುವಾಗಲೇ ತೋಟಕ್ಕೆ ತೆರಳುವುದು ಸೂಕ್ತ. ಚಳಿಗಾಲದಲ್ಲಿ ದೂರವಾಣಿಯನ್ನು ಒಳಜೇಬಿನಲ್ಲಿ ಇರಿಸಿಕೊಂಡಲ್ಲಿ ಮೈಶಾಖವೇ ಸಾಕಾಗುತ್ತದೆ.

ಬಿಸಿಲು, ಒಲೆ ಮತ್ತು ಪೂರ್ಣ ಚಾರ್ಜ್

ಚಳಿಯಿಂದಾಗುವ ತೊಂದರೆ ತಾತ್ಕಾಲಿಕ. ಶಾಖದಿಂದಾಗುವ ಹಾನಿ ಶಾಶ್ವತ. ಸಾಮಾನ್ಯವಾಗಿ ದೂರವಾಣಿಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಪರಿಸರದಲ್ಲಿ ಬಳಸಲು ವಿನ್ಯಾಸಗೊಳಿಸಲಾಗಿರುತ್ತದೆ. ಮಲೆನಾಡು ತಂಪು ಪ್ರದೇಶವೆಂಬ ಭಾವನೆಯಿಂದ ಈ ವಿಷಯವನ್ನು ಕಡೆಗಣಿಸಲಾಗುತ್ತಿದೆ. ಆದರೆ ಕಾಫಿ ಒಣಗಿಸುವ ಕಾಲದಲ್ಲಿ ಸಿಮೆಂಟು ಕಣದ ಅಂಚಿನಲ್ಲಿ ಹಾಡು ಕೇಳಲು ಇರಿಸಿದ ದೂರವಾಣಿಯು ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಜೀಪಿನ ಮುಂಭಾಗದ ಗಾಜಿನ ಕೆಳಗೆ ಚಾರ್ಜಿಗೆ ಹಾಕಿ, ದಾರಿ ತೋರಿಸುವ ನಕ್ಷೆಯನ್ನೂ ತೆರೆದು ಚಾರ್ಮಾಡಿ ಘಾಟಿ ಇಳಿಯುವಾಗಲೂ ಹೀಗೆಯೇ ಆಗುತ್ತದೆ. ನೆರಳು ಮತ್ತು ಗಾಳಿ, ಇವೆರಡೇ ಇದಕ್ಕೆ ಪರಿಹಾರ.

ಶಾಖ ಮತ್ತು ಪೂರ್ಣ ಚಾರ್ಜ್ ಒಟ್ಟಿಗೆ ಸೇರಿದಾಗ ಹಾನಿ ಅತ್ಯಧಿಕ. ಪ್ರಯೋಗಾಲಯದ ಸಾಮಾನ್ಯ ಲೆಕ್ಕದಂತೆ, 25 ಡಿಗ್ರಿಯಲ್ಲಿ ಶೇ. 40ರ ಚಾರ್ಜಿನಲ್ಲಿ ಒಂದು ವರ್ಷ ಇರಿಸಿದ ಬ್ಯಾಟರಿಯಲ್ಲಿ ಸುಮಾರು ಶೇ. 96ರಷ್ಟು ಸಾಮರ್ಥ್ಯ ಉಳಿದರೆ, 40 ಡಿಗ್ರಿಯಲ್ಲಿ ಪೂರ್ಣ ಚಾರ್ಜಿನೊಂದಿಗೆ ಇರಿಸಿದ್ದರಲ್ಲಿ ಸುಮಾರು ಶೇ. 65 ಮಾತ್ರ ಉಳಿಯುತ್ತದೆ. ಆದ್ದರಿಂದ ಪ್ರತಿನಿತ್ಯದ ಬಳಕೆಯಲ್ಲಿ ಶೇ. 20 ಮತ್ತು 80ರ ನಡುವೆ ಇರಿಸುವುದು ಒಳ್ಳೆಯದು. ಇತ್ತೀಚಿನ ಹಲವು ದೂರವಾಣಿಗಳ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿರುತ್ತದೆ. ಆದರೆ ಈ ಸಲಹೆಯನ್ನು ಮಳೆಗಾಲದಲ್ಲಿ ಅಕ್ಷರಶಃ ಪಾಲಿಸುವುದು ವಿವೇಕವಲ್ಲ. ನಾಳೆ ವಿದ್ಯುತ್ ಇರುವ ಖಾತ್ರಿಯಿಲ್ಲದ ಮನೆಯಲ್ಲಿ ಇಂದು ಪೂರ್ಣ ತುಂಬಿಸಿಕೊಳ್ಳುವುದೇ ಸರಿ. ಬ್ಯಾಟರಿಯ ಬಾಳಿಕೆ ಕೆಲವು ವಾರ ಕಡಿಮೆಯಾದರೂ ಸಂಪರ್ಕ ಮುಖ್ಯ.

ಹೊಸ ಬ್ಯಾಟರಿಯನ್ನು ಮೊದಲು 8 ಗಂಟೆ ಚಾರ್ಜ್ ಮಾಡಬೇಕು, ಪೂರ್ಣ ಖಾಲಿಯಾದ ನಂತರವೇ ಚಾರ್ಜಿಗೆ ಹಾಕಬೇಕು ಎಂಬ ಮಾತುಗಳು ಹಿಂದಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದವು. ಈಗಿನವಕ್ಕೆ ಅನ್ವಯಿಸುವುದಿಲ್ಲ, ಪದೇ ಪದೇ ಪೂರ್ಣ ಖಾಲಿ ಮಾಡುವುದು ಹಾನಿಕರವೇ ಆಗಿದೆ.

ಸಿಗ್ನಲ್ ಹುಡುಕಾಟದಿಂದ ಆಗುವ ವೆಚ್ಚ

ಗುಡ್ಡಗಾಡಿನಲ್ಲಿ ಬ್ಯಾಟರಿ ಬೇಗ ಬರಿದಾಗಲು ಬಳಕೆದಾರರ ಗಮನಕ್ಕೆ ಬಾರದ ಕಾರಣವೊಂದಿದೆ. ಟವರ್ ಹತ್ತಿರವಿದ್ದಾಗ ದೂರವಾಣಿಯು ಅತ್ಯಲ್ಪ ಶಕ್ತಿಯಿಂದ ಸಂಕೇತ ಕಳುಹಿಸುತ್ತದೆ. ಟವರ್ ದೂರವಾದಂತೆ ಅಥವಾ ಗುಡ್ಡ ಅಡ್ಡ ಬಂದಂತೆ ತನ್ನ ಶಕ್ತಿಯನ್ನು ಏರಿಸುತ್ತಾ ಹೋಗುತ್ತದೆ. 4ಜಿ ದೂರವಾಣಿಯಲ್ಲಿ ಇದರ ಗರಿಷ್ಠ ಮಿತಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ಸಿಗ್ನಲ್ ಪೂರ್ಣ ಇಲ್ಲವಾದಾಗಲೂ ಅದು ಸುಮ್ಮನಿರದೆ ಮತ್ತೆ ಮತ್ತೆ ಹುಡುಕುತ್ತಿರುತ್ತದೆ. ಪರಿಣಾಮವಾಗಿ ಜೇಬಿನಲ್ಲಿ ಮುಟ್ಟದೆ ಇಟ್ಟ ದೂರವಾಣಿಯೂ ಸಂಜೆಯೊಳಗೆ ಖಾಲಿಯಾಗುತ್ತದೆ.

ಮೂಡಿಗೆರೆ, ಕಳಸದ ಕಣಿವೆಗಳಲ್ಲಿ ಮನೆಯ ಒಂದು ಕಿಟಕಿಯ ಬಳಿ ಮಾತ್ರ ಸಿಗ್ನಲ್ ಸಿಗುವ ಮನೆಗಳಿವೆ. ಅಂತಹವರು ದೂರವಾಣಿಯನ್ನು ಆ ಕಿಟಕಿಯ ಬಳಿಯೇ ಇರಿಸುವುದರಿಂದ ಬ್ಯಾಟರಿ ಉಳಿತಾಯವಾಗುತ್ತದೆ. ಸಿಗ್ನಲ್ ಇಲ್ಲದ ತೋಟದೊಳಗೆ ಕೆಲಸ ಮಾಡುವಾಗ ಫ್ಲೈಟ್ ಮೋಡ್‌ನಲ್ಲಿ ಇರಿಸಬಹುದು. 5ಜಿ ಇದ್ದೂ ಇಲ್ಲದಂತಿರುವ ಸ್ಥಳಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ 4ಜಿ ಮಾತ್ರ ಆಯ್ಕೆ ಮಾಡಿಕೊಳ್ಳುವುದು ಉತ್ತಮ. ಮನೆಯಲ್ಲಿ ವೈಫೈ ಇದ್ದಲ್ಲಿ ವೈಫೈ ಕರೆ ಸೌಲಭ್ಯವನ್ನು ಚಾಲನೆಗೊಳಿಸಿಕೊಳ್ಳತಕ್ಕದ್ದು. ಇವುಗಳ ಮುಂದೆ ಪರದೆಯ ಬೆಳಕು ತಗ್ಗಿಸುವುದು, ಬೇಡದ ಆ್ಯಪ್‌ಗಳ ಹಿನ್ನೆಲೆ ಚಟುವಟಿಕೆ ನಿಲ್ಲಿಸುವುದು ಮೊದಲಾದ ಪರಿಚಿತ ಕ್ರಮಗಳು ಎರಡನೆಯ ಸ್ಥಾನದವು.

ಫ್ಲೈಟ್ ಮೋಡ್‌ನಲ್ಲಿ ಕರೆಯಾಗಲಿ, ಓಟಿಪಿಯಾಗಲಿ, ಮಳೆ ಮುನ್ನೆಚ್ಚರಿಕೆಯ ಸಂದೇಶವಾಗಲಿ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಮನೆಯವರಿಗೆ ತಿಳಿಸಿ, ನಿಗದಿತ ವೇಳೆಯಲ್ಲಿ ದೂರವಾಣಿಯನ್ನು ಮತ್ತೆ ಸಂಪರ್ಕಕ್ಕೆ ತರುವ ರೂಢಿ ಇಟ್ಟುಕೊಳ್ಳುವುದು ಅಗತ್ಯ.

ಮಳೆಗಾಲದ ಸಿದ್ಧತೆ

2019ರ ಆಗಸ್ಟ್ ತಿಂಗಳ ಭಾರೀ ಮಳೆಯಲ್ಲಿ ಚಾರ್ಮಾಡಿ ಘಾಟಿಯಲ್ಲಿ ಭೂಕುಸಿತ ಉಂಟಾಗಿ ವಾಹನ ಸಂಚಾರ ಸ್ಥಗಿತಗೊಂಡಿದ್ದು ಈ ಭಾಗದ ಜನರ ನೆನಪಿನಲ್ಲಿದೆ. ಭದ್ರಾ ನದಿ ತುಂಬಿದಾಗ ಕಳಸ–ಹೊರನಾಡು ಮಾರ್ಗದ ಹೆಬ್ಬಾಳೆ ಸೇತುವೆಯು ಮುಳುಗುವುದೂ ಹೊಸದಲ್ಲ. ಇಂತಹ ದಿನಗಳಲ್ಲಿ ಮರಗಳು ತಂತಿಯ ಮೇಲೆ ಬಿದ್ದು ವಿದ್ಯುತ್ ಕಡಿತವಾಗುತ್ತದೆ; ಕಡಿತ ದೀರ್ಘವಾದಲ್ಲಿ ಟವರಿನ ಸ್ವಂತ ಬ್ಯಾಟರಿಯೂ ಮುಗಿದು ಸಿಗ್ನಲ್ ಇಲ್ಲವಾಗುತ್ತದೆ. ಆಗ ಹಿಂದೆ ತಿಳಿಸಿದ ಹುಡುಕಾಟ ಆರಂಭವಾಗಿ, ಅತ್ಯಗತ್ಯವಾದ ವೇಳೆಯಲ್ಲಿಯೇ ದೂರವಾಣಿ ಬರಿದಾಗುತ್ತದೆ. ವಿದ್ಯುತ್ ವ್ಯತ್ಯಯದ ದೂರನ್ನು ಮೆಸ್ಕಾಂನ 1912 ಸಂಖ್ಯೆಗೆ ನೀಡಬಹುದು.

10,000 ಎಂಎಎಚ್ ಎಂದು ನಮೂದಿಸಿರುವ ಪವರ್ ಬ್ಯಾಂಕ್‌ನಿಂದ ವೋಲ್ಟೇಜ್ ಪರಿವರ್ತನೆಯ ನಷ್ಟ ಕಳೆದು ಸುಮಾರು 6,000ದಿಂದ 6,500ರಷ್ಟು ಮಾತ್ರ ದೂರವಾಣಿಗೆ ತಲುಪುತ್ತದೆ. ಅಂದರೆ 4,000 ಎಂಎಎಚ್ ಬ್ಯಾಟರಿಯುಳ್ಳ ದೂರವಾಣಿಯನ್ನು ಒಂದೂವರೆ ಬಾರಿ ತುಂಬಿಸಬಹುದು. ಇದನ್ನು ಜೂನ್ ಆರಂಭದಲ್ಲಿಯೇ ತುಂಬಿಸಿಟ್ಟು, ತಿಂಗಳಿಗೊಮ್ಮೆ ಪರಿಶೀಲಿಸುತ್ತಿರಬೇಕು.

ಎಲ್ಲಕ್ಕಿಂತ ಅಗ್ಗದ ಹಾಗೂ ಹೆಚ್ಚು ಭರವಸೆಯ ವ್ಯವಸ್ಥೆ ಬೇರೊಂದಿದೆ. ಓಟಿಪಿ ಬರುವುದು ಸಾಮಾನ್ಯ ಎಸ್ಎಂಎಸ್ ರೂಪದಲ್ಲಿ. ಅದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಆಧಾರ್‌ಗೆ ಜೋಡಿಸಿದ ಸಿಮ್ ಅನ್ನು ಗುಂಡಿಗಳುಳ್ಳ ಸಾದಾ ಫೋನಿನಲ್ಲಿ ಹಾಕಿಟ್ಟಲ್ಲಿ ಒಂದು ಚಾರ್ಜಿಗೆ ಹಲವು ದಿನ ನಡೆಯುತ್ತದೆ. ಜಿಯೋ ಸಂಸ್ಥೆಯು 2ಜಿ ಸೇವೆ ಹೊಂದಿಲ್ಲವಾದ್ದರಿಂದ ಅದರ ಗ್ರಾಹಕರು 4ಜಿ ಮಾದರಿಯ ಸಾದಾ ಫೋನನ್ನೇ ಬಳಸಬೇಕಾಗುತ್ತದೆ. ದೂರವಾಣಿಯೇ ಇಲ್ಲದವರು ಅಥವಾ ಕೆಟ್ಟಿರುವವರು ಪಿಎಂ ಕಿಸಾನ್ ಇ-ಕೆವೈಸಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚಿನ ಮೂಲಕವೂ ಮಾಡಿಸಬಹುದು. ಅರ್ಜಿ ಸಂಖ್ಯೆಯನ್ನು ದೂರವಾಣಿಯಲ್ಲಿ ಮಾತ್ರ ಉಳಿಸದೆ ಕಾಗದದಲ್ಲಿಯೂ ಬರೆದಿಟ್ಟುಕೊಳ್ಳತಕ್ಕದ್ದು.

ಒದ್ದೆಯಾದ ದೂರವಾಣಿಯನ್ನು ಬಚ್ಚಲೊಲೆಯ ಕಟ್ಟೆಯ ಮೇಲೆ ಒಣಗಿಸುವ ಪದ್ಧತಿ ಮಲೆನಾಡಿನಲ್ಲಿ ಕಂಡುಬರುತ್ತದೆ. ಇದು ಅಪಾಯಕಾರಿ. ಅಕ್ಕಿಯಲ್ಲಿ ಹುದುಗಿಸುವುದರಿಂದಲೂ ಪ್ರಯೋಜನವಿಲ್ಲ. ಅಕ್ಕಿಯ ಧೂಳು ಚಾರ್ಜಿಂಗ್ ರಂಧ್ರಕ್ಕೆ ಸೇರುತ್ತದೆ. ದೂರವಾಣಿಯನ್ನು ಆರಿಸಿ, ಒರೆಸಿ, ರಂಧ್ರ ಕೆಳಮುಖವಾಗಿರುವಂತೆ ಗಾಳಿಯಾಡುವ ಕಡೆ ಇರಿಸಬೇಕು. ಪೂರ್ಣ ಒಣಗುವವರೆಗೆ ಚಾರ್ಜಿಗೆ ಹಾಕಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ವೇಳೆ ಚಾರ್ಜರನ್ನು ಪ್ಲಗ್ಗಿನಿಂದ ಕಳಚುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು. ಸ್ವಿಚ್ ಆರಿಸಿದರೆ ಸಾಲದು.

ಬ್ಯಾಟರಿ ಬದಲಾವಣೆ

ಸಾಮರ್ಥ್ಯವು ಶೇ. 80ಕ್ಕಿಂತ ಕೆಳಗಿಳಿದು, ಅರ್ಧ ದಿನವೂ ನಡೆಯದಂತಾದಾಗ ಮೇಲಿನ ಕ್ರಮಗಳಿಂದ ಹೆಚ್ಚಿನ ಫಲ ದೊರೆಯುವುದಿಲ್ಲ. ಬ್ಯಾಟರಿ ಬದಲಿಸುವುದೇ ಮಾರ್ಗ. ದೂರವಾಣಿಯ ಬೆನ್ನು ಉಬ್ಬಿದ್ದಲ್ಲಿ ಅಥವಾ ಪರದೆ ಮೇಲೆದ್ದಿದ್ದಲ್ಲಿ ವಿಳಂಬ ಮಾಡದೆ ಬಳಕೆ ನಿಲ್ಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನವಾದೀತು. ಬೆಂಕಿ ಕಾಣಿಸಿಕೊಂಡಲ್ಲಿ ದೂರ ಸರಿದು 112ಕ್ಕೆ ಕರೆ ಮಾಡಬೇಕು.

ಭಾರತದಲ್ಲಿ ಮಾರಾಟವಾಗುವ ಮೊಬೈಲ್ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯವಾಗಿದೆ. ಕೊಳ್ಳುವ ಮುನ್ನ ಈ ಗುರುತನ್ನು ಮತ್ತು ತಯಾರಿಕೆಯ ದಿನಾಂಕವನ್ನು ನೋಡಬೇಕು. ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುವುದರಿಂದ, ಅಂಗಡಿಯ ಕಪಾಟಿನಲ್ಲಿ ಎರಡು ಮೂರು ವರ್ಷ ಕಳೆದದ್ದು ಹೊಸದೆನಿಸುವುದಿಲ್ಲ. ಅಂಟಿಸಿದ ಬೆನ್ನು ತೆರೆದ ನಂತರ ದೂರವಾಣಿಯ ನೀರು ನಿರೋಧಕ ಗುಣ ಮೊದಲಿನಂತೆ ಉಳಿಯದಿರಬಹುದು. ಆದ್ದರಿಂದ ಮಳೆಗಾಲಕ್ಕೆ ಮುನ್ನ ಬದಲಿಸಿದವರು ಗೊರಬಿನ ಅಥವಾ ರೈನ್‌ಕೋಟಿನ ಆಶ್ರಯವನ್ನಷ್ಟೇ ನಂಬದೆ ಪ್ಲಾಸ್ಟಿಕ್ ಚೀಲದಲ್ಲಿ ಇರಿಸಿಕೊಳ್ಳಬೇಕು. ದೂರವಾಣಿಯನ್ನು ದುರಸ್ತಿಗೆ ಕೊಡುವ ಮುನ್ನ ದಾಖಲೆ ಹಾಗೂ ಛಾಯಾಚಿತ್ರಗಳ ಪ್ರತಿ ತೆಗೆದಿಟ್ಟು, ಸಿಮ್ ಅನ್ನು ಕಳಚಿಕೊಳ್ಳತಕ್ಕದ್ದು.

ತೆಗೆದ ಹಳೆಯ ಬ್ಯಾಟರಿಯನ್ನು ಗೊಬ್ಬರದ ಗುಂಡಿಗೆ ಎಸೆಯುವುದಾಗಲಿ, ಕಸಿ ಮಾಡಿದ ರೆಂಬೆಗಳೊಂದಿಗೆ ಸುಡುವುದಾಗಲಿ ಸಲ್ಲದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ಬಳಸಿದ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಒಳಪಡಿಸುವ ಹೊಣೆ ತಯಾರಕರದ್ದಾಗಿರುತ್ತದೆ. ಬಳಕೆದಾರರು ಅವನ್ನು ಮನೆಯ ಕಸದೊಂದಿಗೆ ಬೆರೆಸದೆ ಸಂಗ್ರಹಣೆಗೆ ಒಪ್ಪಿಸಬೇಕು. ಬದಲಿಸಿದ ಅಂಗಡಿಯಲ್ಲಿಯೇ ಬಿಟ್ಟು ಬರುವುದು ಸುಲಭ.

ಬಿಲ್ಲನ್ನು ತಪ್ಪದೆ ಪಡೆದು ಜೋಪಾನವಾಗಿ ಇರಿಸತಕ್ಕದ್ದು. ದೋಷಪೂರಿತ ಬ್ಯಾಟರಿ ನೀಡಿ ಬದಲಿಸಲು ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು, ವ್ಯಾಜ್ಯ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿರುತ್ತದೆ.