ಮಕ್ಕಳ ಮಾನಸಿಕ ಚಿಕಿತ್ಸೆ: ಪ್ರಗತಿ ಮಾಪನದ ಇತಿಹಾಸ

ಮಕ್ಕಳ ಹಾಗೂ ಹದಿಹರೆಯದವರ ಮಾನಸಿಕ ತೊಂದರೆ ಚಿಕಿತ್ಸೆಯಿಂದ ಎಷ್ಟು ತಗ್ಗಿದೆ ಎಂಬುದನ್ನು ಒಂದೇ ಅಳತೆಪಟ್ಟಿಯಿಂದ ಮತ್ತೆ ಮತ್ತೆ ನೋಡಿ ತಿಳಿಯುವ ಕ್ರಮ. ರೋಗನಿರ್ಣಯ, ಸಮೀಕ್ಷೆ, ಅಂಗವೈಕಲ್ಯ ಪ್ರಮಾಣಪತ್ರ ಇವುಗಳ ಮಾಪನವನ್ನೂ ಇದರೊಳಗೆ ಸೇರಿಸುವುದುಂಟು. ಆದರೆ ಅವುಗಳ ಉದ್ದೇಶ ಬೇರೆ.

ಅಳತೆಪಟ್ಟಿಗಳು

ಅಮೆರಿಕದ ಥಾಮಸ್ ಆಕೆನ್‌ಬಾಕ್ ಅವರ ವರ್ತನಾ ಪಟ್ಟಿಯನ್ನು ಆಧರಿಸಿ ಚಂಡೀಗಢದ ಸವಿತಾ ಮಲ್ಹೋತ್ರಾ ಮತ್ತು ಸಂಗಡಿಗರು 1988ರಲ್ಲಿ ಭಾರತೀಯ ಮಾಪನವನ್ನು ರೂಪಿಸಿದರು. 1990ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ಮಗುವಿನ ಬೆಳವಣಿಗೆಯನ್ನೂ ಗಮನಿಸುವ ಪಟ್ಟಿಯನ್ನು ಸಿದ್ಧಪಡಿಸಿದರು. 1997ರಲ್ಲಿ ಬ್ರಿಟನ್ನಿನ ರಾಬರ್ಟ್ ಗುಡ್‌ಮನ್ ಪ್ರಕಟಿಸಿದ 25 ಅಂಶಗಳ ಪ್ರಶ್ನಾವಳಿ ಕನ್ನಡದಲ್ಲೂ ಲಭ್ಯವಿದೆ. ಅದರ ಮರುಭೇಟಿಯ ಆವೃತ್ತಿಯಲ್ಲಿ, ಆಸ್ಪತ್ರೆಗೆ ಬಂದ ಮೇಲೆ ತೊಂದರೆ ಹೆಚ್ಚಿತೇ, ಹಾಗೇ ಇದೆಯೇ, ಕಡಿಮೆಯಾಯಿತೇ ಎಂದು ನೇರವಾಗಿ ಕೇಳಲಾಗುತ್ತದೆ.

ಸಮೀಕ್ಷೆಯ ಗೊಂದಲ

ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದ 2,064 ಮಕ್ಕಳ ಅಧ್ಯಯನ (2005) ಶೇ. 12.5ರಷ್ಟು ಮಕ್ಕಳಲ್ಲಿ ಮಾನಸಿಕ ತೊಂದರೆ ಗುರುತಿಸಿತು. ಈ ಅಂಕಿಯನ್ನು ಪದೇ ಪದೇ ಉಲ್ಲೇಖಿಸುತ್ತಾರೆ. ಆದರೆ ಅದು ತೊಂದರೆಯ ಹರವನ್ನು ತಿಳಿಸುತ್ತದೆ, ಚಿಕಿತ್ಸೆಯ ಫಲವನ್ನಲ್ಲ. ಹಾಗೆಯೇ 2009ರ ಭಾರತೀಯ ಆಟಿಸಂ ಮಾಪನದ 40 ಅಂಶಗಳ ಅಂಕವನ್ನು ಪ್ರಮಾಣಪತ್ರಕ್ಕೆ ಬಳಸುತ್ತಾರೆ. ಆ ಅಂಕ ನೆರವಿನ ಅರ್ಹತೆಯನ್ನೂ ನಿರ್ಧರಿಸುವುದರಿಂದ, ಅದೊಂದರಿಂದಲೇ ಮಗುವಿನ ಪ್ರಗತಿಯನ್ನು ಅಳೆಯುವುದು ಸರಿಯಲ್ಲ.

ವಿವಾದಗಳು

ಯಾರ ಮಾತನ್ನು ಪ್ರಮಾಣವೆಂದು ಹಿಡಿಯಬೇಕು ಎಂಬುದು ಹಳೆಯ ಪ್ರಶ್ನೆ. 1987ರಲ್ಲಿ ಆಕೆನ್‌ಬಾಕ್ ಮತ್ತು ಸಂಗಡಿಗರು 119 ಅಧ್ಯಯನಗಳನ್ನು ಪರಿಶೀಲಿಸಿದಾಗ ತಂದೆತಾಯಿ ಮತ್ತು ಶಿಕ್ಷಕರಂಥ ಭಿನ್ನ ಸ್ಥಾನದವರ ಅಂಕಗಳ ಸಹಸಂಬಂಧ ಸರಾಸರಿ 0.28 ಮಾತ್ರ ಇತ್ತು. ಮನೆಯಲ್ಲಿ ಹಟ ಮಾಡುವ ಮಗು ಶಾಲೆಯಲ್ಲಿ ಸುಮ್ಮನಿರಬಹುದು. ಎರಡೂ ವರದಿ ನಿಜವೇ. ಎರಡನೆಯ ವಿವಾದ ಮಾಪನದ ಉಪಯೋಗದ ಕುರಿತದ್ದು. ಚಿಕಿತ್ಸಕರಿಗೆ ಪ್ರತಿ ವಾರ ಅಂಕ ತಲುಪಿಸಿದರೆ ಮಕ್ಕಳು ಬೇಗ ಸುಧಾರಿಸುತ್ತಾರೆಂದು 2011ರಲ್ಲಿ ಅಮೆರಿಕದ ಲೆನರ್ಡ್ ಬಿಕ್‌ಮನ್ ತಂಡ ವರದಿ ಮಾಡಿತು. ಆದರೆ ಇಂಥ ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2018ರ ಕಾಕ್ರೇನ್ ಪರಾಮರ್ಶೆಗೆ ಆಧಾರ ಸಾಲದೆನಿಸಿತು.

ಗಡಿನಾಡಿನಲ್ಲಿ

ಅಥಣಿ ತಾಲೂಕಿನ ಕೊಕಟನೂರದಂಥ ಊರುಗಳಿಂದ ಬೆಳಗಾವಿಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಮಗುವನ್ನು ಕರೆದೊಯ್ಯುವ ಮನೆಯವರಿಗೆ ಮರುಭೇಟಿಯೆಂದರೆ ದೂರದ ಪ್ರಯಾಣ, ಒಂದು ದಿನದ ಕೂಲಿ. ಕನ್ನಡ, ಮರಾಠಿ ಎರಡೂ ಬೆರೆತ ಈ ಸೀಮೆಯಲ್ಲಿ ಪ್ರಶ್ನಾವಳಿಯನ್ನು ಮನೆಮಾತಿನಲ್ಲಿ ಓದಿ ಕೇಳಬೇಕಾಗುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಸಲಹೆಯನ್ನು ಫೋನಿನಲ್ಲೇ ಒದಗಿಸಿತು. ಆದರೂ ಮರಳಿ ಬಾರದ ಮಗುವಿಗೆ ಎರಡನೆಯ ಅಂಕವೇ ಇರುವುದಿಲ್ಲ. ಆದ್ದರಿಂದ ಪ್ರಗತಿಯ ವರದಿಗಳಲ್ಲಿ ಬಂದವರ ಸರಾಸರಿಯ ಜೊತೆಗೆ ಬಾರದವರ ಸಂಖ್ಯೆಯನ್ನೂ ಕೊಡುವುದು ಅಗತ್ಯ.