ಕುದುರೆಗಳಿಗೆ ಔಷಧ ನೀಡುವ ಕುರಿತು ಮಾಲೀಕರಿಗೆ ಮಾಹಿತಿ

ಟಾಂಗಾ, ಸವಾರಿ ಅಥವಾ ಹವ್ಯಾಸಕ್ಕಾಗಿ ಕುದುರೆ ಸಾಕಿರುವವರು ಔಷಧಗಳ ಖರೀದಿ ಮತ್ತು ಬಳಕೆಯಲ್ಲಿ ಪಾಲಿಸಬೇಕಾದ ನಿಯಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಪಂದ್ಯದ ಕುದುರೆಗಳಿಗೆ ಇವುಗಳ ಜೊತೆಗೆ ಟರ್ಫ್ ಕ್ಲಬ್ಬುಗಳ ಪ್ರತ್ಯೇಕ ನಿಯಮಗಳೂ ಅನ್ವಯಿಸುತ್ತವೆ.

ಔಷಧ ಚೀಟಿ

ಭಾರತೀಯ ಪಶುವೈದ್ಯಕೀಯ ಪರಿಷತ್ತು ಅಧಿನಿಯಮ, 1984ರ ಮೇರೆಗೆ ಚಿಕಿತ್ಸೆ ನೀಡುವ ಅಧಿಕಾರ ನೋಂದಾಯಿತ ಪಶುವೈದ್ಯರದು. ಅನುಸೂಚಿ 'ಹೆಚ್'ಗೆ ಸೇರಿದ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಹಳೆಯ ಚೀಟಿ ತೋರಿಸಿ ಔಷಧ ಪಡೆಯುವುದು, ನೆರೆಯವರ ಕುದುರೆಗೆ ಗುಣವಾದ ಚುಚ್ಚುಮದ್ದನ್ನೇ ತಮ್ಮ ಕುದುರೆಗೂ ಹಾಕಿಸುವುದು ಸರಿಯಲ್ಲ.

ನೋವು ನಿವಾರಕಗಳು

ಕುಂಟುವ ಕುದುರೆಗೆ ನೋವಿನ ಔಷಧ ಕೊಟ್ಟು ಅಂದೇ ಗಾಡಿಗೆ ಕಟ್ಟುವ ರೂಢಿ ಕೆಲವೆಡೆ ಇದೆ. ದಿನದ ದುಡಿಮೆ ನಿಂತರೆ ಮನೆ ನಡೆಯದೆಂಬ ಕಷ್ಟ ಅರ್ಥವಾಗತಕ್ಕದ್ದೇ. ಆದರೆ ಔಷಧದಿಂದ ನೋವು ಮಾತ್ರ ಮರೆಯಾಗುತ್ತದೆ, ಗಾಯ ವಾಸಿಯಾಗಿರುವುದಿಲ್ಲ. ನೋವು ತಿಳಿಯದ ಕುದುರೆ ಪೆಟ್ಟಾದ ಕಾಲಿನ ಮೇಲೆಯೇ ಪೂರ್ಣ ಭಾರ ಹಾಕುವುದರಿಂದ ವಾರದಲ್ಲಿ ಸರಿಹೋಗಬಹುದಾದ ಕಾಲು ಶಾಶ್ವತವಾಗಿ ಕೆಡುವ ಸಂಭವವಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಪ್ರಕರಣ 11ರ ಅನ್ವಯ ರೋಗ ಅಥವಾ ಗಾಯದಿಂದ ಅಸಮರ್ಥವಾದ ಪ್ರಾಣಿಯನ್ನು ದುಡಿಸುವುದು ಅಪರಾಧ. ಹಾನಿಕಾರಕ ಔಷಧವನ್ನು ಬೇಕೆಂದೇ ಅಕಾರಣವಾಗಿ ನೀಡುವುದೂ ಅದೇ ಪ್ರಕರಣದಲ್ಲಿ ಸೇರಿದೆ.

ಕುದುರೆಗಳಿಗೆ ಹೆಚ್ಚಾಗಿ ಬಳಸುವ ಫಿನೈಲ್‌ಬ್ಯುಟಜೋನ್ ಪ್ರಮಾಣ ಮೀರಿದರೆ ಬಾಯಿ ಮತ್ತು ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ. ಅದರ ಚುಚ್ಚುಮದ್ದು ರಕ್ತನಾಳದ ಹೊರಗೆ ಬಿದ್ದರೆ ಆ ಭಾಗದ ಮಾಂಸ ಕೊಳೆಯಬಹುದು. ಆದ್ದರಿಂದ ಮಾಲೀಕರು ಇದನ್ನು ಸ್ವತಃ ಚುಚ್ಚಕೂಡದು.

ನಿಷೇಧಿತ ಔಷಧಗಳು

ಡೈಕ್ಲೋಫಿನಾಕ್ ಔಷಧವನ್ನು ಪ್ರಾಣಿಗಳ ಬಳಕೆಗೆ ತಯಾರಿಸುವುದನ್ನು ಕೇಂದ್ರ ಸರ್ಕಾರ 2006ರಲ್ಲಿ ತಡೆಯಿತು. ಚಿಕಿತ್ಸೆ ಪಡೆದ ಪ್ರಾಣಿಯ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುದೇ ಇದಕ್ಕೆ ಕಾರಣ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮವಿರುವ ನಮ್ಮ ರಾಜ್ಯಕ್ಕೆ ಇದು ದೂರದ ವಿಷಯವಲ್ಲ. ಮನುಷ್ಯರಿಗೆಂದು ಮಾರುವ ಡೈಕ್ಲೋಫಿನಾಕ್ ಸೀಸೆಯನ್ನು ತಂದು ಕುದುರೆಗೆ ಬಳಸುವುದನ್ನು ತಡೆಯಲು 2015ರಲ್ಲಿ ಅದರ ಚುಚ್ಚುಮದ್ದನ್ನು ಒಂದೇ ಬಾರಿಯ ಪ್ರಮಾಣದ ಸೀಸೆಗೆ ಸೀಮಿತಗೊಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೇನ್ ಮತ್ತು ಅಸೆಕ್ಲೋಫಿನಾಕ್‌ಗಳನ್ನೂ ಪ್ರಾಣಿಗಳ ಬಳಕೆಗೆ ನಿಷೇಧಿಸಲಾಗಿದೆ.

ಕೋಳಿ ಆಹಾರದ ಬಗ್ಗೆ ಒಂದು ಮಾತು: ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಹಿತವಾದರೂ ಕುದುರೆಗೆ ವಿಷ, ಅಲ್ಪ ಪ್ರಮಾಣದಲ್ಲಿಯೇ ಹೃದಯವನ್ನು ಕೆಡಿಸುತ್ತದೆ. ಕೋಳಿ ಆಹಾರದ ಚೀಲಗಳನ್ನು ಲಾಯದಿಂದ ದೂರವಿಡತಕ್ಕದ್ದು.

ಗ್ಲಾಂಡರ್ಸ್ ಶಂಕೆಯಿದ್ದಲ್ಲಿ

ಮೂಗಿನಿಂದ ಅಂಟಾದ ಕೀವು ಸೋರುವುದು, ಚರ್ಮದಲ್ಲಿ ಗಂಟುಗಳಾಗಿ ಒಡೆಯುವುದು ಕಂಡುಬಂದರೆ ಆಂಟಿಬಯೋಟಿಕ್ ಕೊಡಲು ಮುಂದಾಗಬಾರದು. ಇದು ಮನುಷ್ಯರಿಗೂ ಹರಡುವ ರೋಗ. ಪ್ರಾಣಿಗಳಲ್ಲಿ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಅಧಿನಿಯಮ, 2009ರ ಅನ್ವಯ ಮಾಲೀಕರು ಕೂಡಲೇ ವರದಿ ಮಾಡಲು ಬದ್ಧರಾಗಿರುತ್ತಾರೆ. ಕುದುರೆಯನ್ನು ಪ್ರತ್ಯೇಕಿಸಿ, ಬೇರೆಡೆಗೆ ಸಾಗಿಸದೆ ಗ್ರಾಮ ಪಂಚಾಯಿತಿಗೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು.

ಸೇವೆ ಪಡೆಯುವ ವಿಧಾನ

ಆಸ್ಪತ್ರೆಗೆ ಬರುವಾಗ ಹಿಂದಿನ ಚೀಟಿಗಳನ್ನೂ ಈಗಾಗಲೇ ಕೊಟ್ಟ ಔಷಧದ ಖಾಲಿ ಸೀಸೆಯನ್ನೂ ತರುವುದು. ಔಷಧದ ಹೆಸರು, ಪ್ರಮಾಣ ಮತ್ತು ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ವೈದ್ಯರ ಕೆಲಸ ಸುಲಭವಾಗುತ್ತದೆ. ಗರ್ಭ ಧರಿಸಿದ ಕುದುರೆಯಾದಲ್ಲಿ ಮೊದಲೇ ತಿಳಿಸತಕ್ಕದ್ದು. ನಡೆಯಲಾಗದ ಕುದುರೆಯನ್ನು ಎಳೆದು ತರಬೇಕಾಗಿಲ್ಲ. 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ಘಟಕದ ನೆರವು ಕೋರಬಹುದು.