ಅಟ್ಟದಿಂದ ಬಂದ ಅಸ್ತಿತ್ವವಾದ

ಅಸ್ತಿತ್ವವಾದವೆಂದರೆ ನಾಸ್ತಿಕತೆ, ನಿರಾಶೆ, ಮನಬಂದಂತೆ ಬದುಕುವುದು ಎಂದೇ ನಾವು ಬಹುಕಾಲ ತಿಳಿದಿದ್ದೆವು. ಆದರೆ ಅದರ ಆದಿಪುರುಷ ಕೀರ್ಕೆಗಾರ್ಡ್ ಶ್ರದ್ಧಾವಂತ ಕ್ರೈಸ್ತ. ನಾಸ್ತಿಕನಾದ ಸಾರ್ತ್ರ್ ಕೂಡ 1945ರ ಪ್ಯಾರಿಸ್ ಉಪನ್ಯಾಸದಲ್ಲಿ ಒತ್ತಿ ಹೇಳಿದ್ದು ಆಯ್ಕೆಯ ಹೊಣೆಯನ್ನು. (ಕಾಮೂ ಅಂತೂ ಆ ಹಣೆಪಟ್ಟಿಯನ್ನೇ ಒಲ್ಲೆನೆಂದ!)

ಈ ಗಾಳಿ ಕನ್ನಡಕ್ಕೆ ಬೀಸಿದ್ದರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯ ಪಾಲು ದೊಡ್ಡದು. ಜಿ.ಬಿ. ಜೋಶಿಯವರ ಆ ಅಟ್ಟದಿಂದ 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಬಂದವು. ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು? ಪ್ರಾಣೇಶಾಚಾರ್ಯರಿಗೆ ಶಾಸ್ತ್ರವೂ ಉತ್ತರಿಸಲಿಲ್ಲ, ಮಾರುತಿಯೂ ಉತ್ತರಿಸಲಿಲ್ಲ. ವಿಮರ್ಶಕರು ಅವರ ತೊಳಲಾಟದಲ್ಲೇ ಅಸ್ತಿತ್ವವಾದ ಕಂಡರು. ನಾವು ಮಾತ್ರ ಅಹಮದ್ ಬ್ಯಾರಿಯನ್ನು ಮರೆಯಲಾರೆವು. ಚಂದ್ರಿ ಕೇಳಿದಾಗ ಯಾವ ಗ್ರಂಥವನ್ನೂ ತೆರೆಯದೆ, ರಾತ್ರೋರಾತ್ರಿ ಗಾಡಿ ಕಟ್ಟಿ, ಆ ಬ್ರಾಹ್ಮಣನ ಹೆಣವನ್ನು ಸುಟ್ಟುಬಂದವನು ಅವನೇ.